ರೋಮನ್ನರ ದಿನನಿತ್ಯದ ಅಡುಗೆ ನಮ್ಮ ಒಲೆಯ ಮೇಲೆ: ಮಸಾಲೆ, ಅಳತೆ, ಅರೆಯುವ ಕ್ರಮ

ಎರಡು ಸಾವಿರ ವರ್ಷ ಹಿಂದಿನ ರೋಮನ್ ಅಡುಗೆಗೆ ಬೇಕಾದ ಮಸಾಲೆಯ ಬಹುಪಾಲು ನಮ್ಮ ಮಸಾಲೆ ಡಬ್ಬಿಯಲ್ಲೇ ಇದೆ. ಕಾಳುಮೆಣಸು, ಜೀರಿಗೆ, ಕೊತ್ತಂಬರಿ ಬೀಜ, ಸಾಸಿವೆ, ಸೋಂಪು, ಮೆಂತ್ಯ, ಎಳ್ಳು, ಗಸಗಸೆ, ಇಂಗು ಎಲ್ಲವೂ ಅವರಲ್ಲಿತ್ತು. ಆದರೂ ನಮ್ಮಲ್ಲಿ ಯಾರಾದರೂ ಈ ಅಡುಗೆಗೆ ಕೈ ಹಾಕಿದರೆ ಸಾಮಾನ್ಯವಾಗಿ ಅದು ಸಾರಿನ ರುಚಿಗೋ ಗೊಜ್ಜಿನ ರುಚಿಗೋ ಬಂದು ನಿಲ್ಲುತ್ತದೆ. ಅದಕ್ಕೆ ಕಾರಣ ಒಗ್ಗರಣೆ. ರೋಮನ್ ಅಡುಗೆಯವನು ಮಸಾಲೆಯನ್ನು ಎಣ್ಣೆಯಲ್ಲಿ ಸಿಡಿಸುವುದಿಲ್ಲ, ಹುರಿಯುವುದೂ ಅಪರೂಪ. ಹಸಿಯಾಗಿ ಅರೆದು, ವಿನೆಗರ್‌ನಲ್ಲಿ ಕದಡಿ, ಜೇನು ಬೆರೆಸಿ, ಮೀನಿನ ಉಪ್ಪುರಸದಿಂದ ಉಪ್ಪು ಕೊಟ್ಟು, ಬೆಂದ ಪದಾರ್ಥದ ಮೇಲೆ ಸುರಿಯುತ್ತಾನೆ. ಈ ಕ್ರಮ ಕೈಗೆ ಹತ್ತಿದರೆ ಉಳಿದದ್ದೆಲ್ಲ ಸುಲಭ.

ಅಳತೆಯ ಬಗ್ಗೆ ಮೊದಲೇ ಒಂದು ಮಾತು. ಇಲ್ಲಿನ ಪಾಕಗಳಿಗೆ ಮುಖ್ಯವಾಗಿ ಎರಡು ಮೂಲಗಳಿವೆ. ಕ್ರಿ.ಪೂ. 160ರ ಸುಮಾರಿಗೆ ಕೇಟೋ ಬರೆದ ಕೃಷಿ ಪುಸ್ತಕದಲ್ಲಿ ತೂಕಗಳು ಸ್ಪಷ್ಟವಾಗಿವೆ. ಅಪಿಸಿಯಸ್ ಹೆಸರಿನಲ್ಲಿ ಉಳಿದಿರುವ ಪಾಕಸಂಗ್ರಹ ಈಗಿನ ರೂಪಕ್ಕೆ ಬಂದದ್ದು ಕ್ರಿ.ಶ. 4-5ನೇ ಶತಮಾನದಲ್ಲಿ. ಅದರಲ್ಲಿ ಪದಾರ್ಥದ ಪಟ್ಟಿ ಇರುತ್ತದೆ, ಅಳತೆ ಹೆಚ್ಚಾಗಿ ಇರುವುದಿಲ್ಲ. ಹಾಗಾಗಿ ಕೆಳಗೆ ಕೇಟೋನ ಪಾಕಗಳಿಗೆ ಕೊಟ್ಟಿರುವ ಅಳತೆ ಅವನದೇ, ಪ್ರಮಾಣ ಇಳಿಸಿದ್ದು. ಅಪಿಸಿಯಸ್‌ನ ಪಾಕಗಳಿಗೆ ಕೊಟ್ಟಿರುವುದು ಇಂದಿನ ನಾಲಿಗೆಗೆ ಕೂಡಿಬರುವ ಅಳತೆ. ಮೂಲ ಓದುವವರಿಗೆ ಇಷ್ಟು ನೆನಪಿದ್ದರೆ ಸಾಕು: ಒಂದು ಲಿಬ್ರಾ ಎಂದರೆ ಸುಮಾರು 327 ಗ್ರಾಂ, ಅದರ ಹನ್ನೆರಡನೇ ಒಂದು ಭಾಗವಾದ ಉನ್ಸಿಯಾ 27 ಗ್ರಾಂ, ಸೆಕ್ಸ್ಟೇರಿಯಸ್ 546 ಮಿ.ಲೀ., ಮೋಡಿಯಸ್ ಸುಮಾರು 8.7 ಲೀಟರ್.

ಯಾರ ಊಟ ಇದು

ನವಿಲಿನ ಮಾಂಸ, ಡಾರ್ಮೌಸ್ ಎಂಬ ಇಲಿಯಂಥ ಪ್ರಾಣಿಯ ಕಥೆಗಳನ್ನು ಬದಿಗಿಡಿ. ರೋಮ್ ನಗರದ ಸಾಮಾನ್ಯರು ಬಹುಮಹಡಿ ವಠಾರಗಳಲ್ಲಿದ್ದರು. ಅನೇಕ ಕೋಣೆಗಳಿಗೆ ಅಡುಗೆಮನೆಯೇ ಇರಲಿಲ್ಲ. ಬೀದಿಬದಿಯ ಕಟ್ಟೆಯಂಗಡಿಗಳಲ್ಲಿ ಬಿಸಿ ಊಟ ಸಿಗುತ್ತಿತ್ತು. ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪಾಂಪೇ ನಗರದಲ್ಲಿ 2020ರಲ್ಲಿ ಪೂರ್ತಿಯಾಗಿ ಬಯಲಿಗೆ ಬಂದ ಅಂಥದೊಂದು ಅಂಗಡಿಯ ಮಡಕೆಗಳಲ್ಲಿ ಬಾತುಕೋಳಿ, ಆಡು, ಹಂದಿ, ಮೀನು, ಬಸವನಹುಳುವಿನ ಕುರುಹುಗಳು ಸಿಕ್ಕಿವೆ. ನಗರದ ನಾಗರಿಕ ಗಂಡಸಿಗೆ ಸರ್ಕಾರದ ಪಡಿತರವಾಗಿ ತಿಂಗಳಿಗೆ 5 ಮೋಡಿಯಸ್ ಗೋಧಿ ಸಿಗುತ್ತಿತ್ತು. ಅಂದರೆ ಸುಮಾರು 33 ಕಿಲೋ. ಗಂಜಿ, ರೊಟ್ಟಿ, ಬೇಳೆಕಾಳು, ಎಲೆಕೋಸು, ಈರುಳ್ಳಿ, ಆಲಿವ್, ಚೂರು ಗಿಣ್ಣು (ಚೀಸ್), ಅಷ್ಟಿಷ್ಟು ಉಪ್ಪುಮೀನು ದಿನದ ಊಟ. ಮಾಂಸ ಹಬ್ಬಕ್ಕೋ ಅದೃಷ್ಟಕ್ಕೋ.

ಮೆಣಸಿನಕಾಯಿ, ಟೊಮೇಟೊ, ಆಲೂಗಡ್ಡೆ, ಮೆಕ್ಕೆಜೋಳ ಅವರಿಗೆ ಗೊತ್ತೇ ಇರಲಿಲ್ಲ. ಬದನೆಕಾಯಿಯೂ ಅವರ ಅಡುಗೆಯಲ್ಲಿಲ್ಲ. ಸಕ್ಕರೆಯ ಬಗ್ಗೆ ಕ್ರಿ.ಶ. ಮೊದಲ ಶತಮಾನದ ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ, ಆದರೆ ಔಷಧಿಗೆ ಮಾತ್ರ ಎಂದು. ಅರಿಸಿನ ಬೇಡ. ದಾಲ್ಚಿನ್ನಿಯನ್ನು ಅವರು ದುಬಾರಿ ಕೊಟ್ಟು ತರಿಸುತ್ತಿದ್ದರೂ ಅದು ಸುಗಂಧ ದ್ರವ್ಯಕ್ಕೂ ಔಷಧಕ್ಕೂ ಹೋಗುತ್ತಿತ್ತು, ಪಲ್ಯಕ್ಕಲ್ಲ. "ರೋಮನ್ ಮಸಾಲೆ" ಎಂದು ಚಕ್ಕೆ ಲವಂಗ ಸುರಿಯುವವರು ಮಧ್ಯಯುಗದ ಯುರೋಪಿನ ಅಡುಗೆ ಮಾಡುತ್ತಿರುತ್ತಾರೆ.

ಮಸಾಲೆ

ಕಾಳುಮೆಣಸು. ಅಪಿಸಿಯಸ್‌ನ ಬಹುಪಾಲು ಪಾಕಗಳಲ್ಲಿ ಮೆಣಸಿದೆ, ಸಿಹಿತಿಂಡಿಯಲ್ಲೂ ಇದೆ. ಅದು ಹೋಗುತ್ತಿದ್ದದ್ದು ಪಶ್ಚಿಮ ಘಟ್ಟದಿಂದ, ಮುಜಿರಿಸ್‌ನಂಥ ಮಲಬಾರಿನ ಬಂದರುಗಳ ಮೂಲಕ, ಮುಂಗಾರಿನ ಗಾಳಿ ಹಿಡಿದು ಬರುತ್ತಿದ್ದ ಹಡಗುಗಳಲ್ಲಿ. ಈಜಿಪ್ಟಿನ ಕೆಂಪು ಸಮುದ್ರದ ಬಂದರು ಬೆರೆನಿಕೆಯ ದೇವಾಲಯವೊಂದರ ನೆಲದಲ್ಲಿ ಹೂತಿದ್ದ ಭಾರತದ ಮಣ್ಣಿನ ಗುಡಾಣದಲ್ಲಿ ಏಳೂವರೆ ಕಿಲೋ ಮೆಣಸು ಹಾಗೇ ಸಿಕ್ಕಿದೆ. ವ್ಯಾಪಾರದ ಬೆಳ್ಳಿ ಒಳನಾಡಿಗೂ ಹರಿದಿತ್ತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ಬೆಂಗಳೂರಿನ ಯಶವಂತಪುರದಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ದೊರೆತಿವೆ. ಆದ್ದರಿಂದ ಕೊಡಗಿನದೋ ಶಿರಸಿಯದೋ ಮೆಣಸು ಬಳಸಿದರೆ ಮೂಲಕ್ಕೆ ಹತ್ತಿರವೇ ಇರುತ್ತೀರಿ.

ಮೆಣಸು ಶ್ರೀಮಂತರ ಸೊತ್ತು ಎಂಬ ಮಾತನ್ನು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಪ್ಲಿನಿ ಕೊಡುವ ಬೆಲೆಯಂತೆ ಒಂದು ಲಿಬ್ರಾ ಕರಿಮೆಣಸಿಗೆ 4 ದಿನಾರಿಯಸ್ (ಬೆಳ್ಳಿ ನಾಣ್ಯ), ಬಿಳಿಮೆಣಸಿಗೆ 7, ಹಿಪ್ಪಲಿಗೆ 15. ದಿನಾರಿಯಸ್‌ಗೆ 16 ಆಸ್ ಎಂಬ ಚಿಲ್ಲರೆ ನಾಣ್ಯ. ನಾಲ್ಕು ಜನರ ಪಲ್ಯಕ್ಕೆ ಬೇಕಾಗುವ ಒಂದು ಗ್ರಾಂ ಕರಿಮೆಣಸಿಗೆ ಆಸ್‌ನ ಐದನೇ ಒಂದು ಭಾಗವಷ್ಟೇ ಬೀಳುತ್ತದೆ. ಪಾಂಪೇಯ ಮದ್ಯದಂಗಡಿಯ ಗೋಡೆಬರಹದ ಪ್ರಕಾರ ಅಗ್ಗದ ದ್ರಾಕ್ಷಾರಸವೇ ಒಂದು ಆಸ್. ಬ್ರಿಟನ್ನಿನ ಗಡಿಯಲ್ಲಿದ್ದ ವಿಂಡೊಲಾಂಡ ಕೋಟೆಯ ಮರದ ಹಲಗೆಯೊಂದರ ಲೆಕ್ಕದಲ್ಲಿ ಸಾಮಾನ್ಯ ಸೈನಿಕನೊಬ್ಬನ ಹೆಸರಿನ ಮುಂದೆ 2 ದಿನಾರಿಯಸ್‌ನ ಮೆಣಸಿದೆ. ಬಡವನಿಗೂ ಚಿಟಿಕೆ ಮೆಣಸು ದಕ್ಕುತ್ತಿತ್ತು. ಚೀಲಗಟ್ಟಲೆ ಮಾತ್ರ ದಕ್ಕುತ್ತಿರಲಿಲ್ಲ.

ಹಿಪ್ಪಲಿ ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತದೆ. ಗಟ್ಟಿ ಇರುವುದರಿಂದ ನೇರ ಮಿಕ್ಸಿಗೆ ಹಾಕಿದರೆ ನಾರುನಾರಾಗಿ ಉಳಿಯುತ್ತದೆ. ಮೊದಲು ಕಲ್ಲಲ್ಲಿ ಜಜ್ಜಿ, ನಂತರ ಪುಡಿ ಮಾಡಿ, ಜರಡಿ ಹಿಡಿಯಿರಿ. ಖಾರ ನಿಧಾನವಾಗಿ ಏರುವುದರಿಂದ ಕರಿಮೆಣಸಿನ ಅರ್ಧದಷ್ಟು ಹಾಕಿದರೆ ಸಾಕು.

ಇಂಗು. ರೋಮನ್ನರಿಗೆ ಪ್ರಿಯವಾಗಿದ್ದದ್ದು ಉತ್ತರ ಆಫ್ರಿಕಾದ ಸಿರೀನ್ ಪ್ರದೇಶದ ಸಿಲ್ಫಿಯಂ ಗಿಡದ ರಾಳ. ಅತಿಯಾಗಿ ಕಿತ್ತು, ಮೇಯಿಸಿ ಅದನ್ನು ಮುಗಿಸಿಯೇಬಿಟ್ಟರು. ಕೊನೆಗೆ ಸಿಕ್ಕ ಒಂದೇ ಕಾಂಡವನ್ನು ನೀರೋ ಚಕ್ರವರ್ತಿಗೆ ಕಳಿಸಿದರೆಂದು ಪ್ಲಿನಿ ಹೇಳುತ್ತಾನೆ. ಆಮೇಲೆ ಅದರ ಜಾಗಕ್ಕೆ ಪಾರ್ಥಿಯಾ (ಇಂದಿನ ಇರಾನ್) ಕಡೆಯಿಂದ ಬಂದದ್ದೇ ಇಂಗು. ಹಾಗಾಗಿ ಇಲ್ಲಿ ಇಂಗು ಬದಲಿ ಪದಾರ್ಥವಲ್ಲ, ಅವರೇ ಬಳಸಿದ್ದು. ದುಬಾರಿ ರಾಳವನ್ನು ಉಳಿಸಲು ಅಪಿಸಿಯಸ್‌ನಲ್ಲಿ ಒಂದು ಜಾಣ ಉಪಾಯವಿದೆ. ಗಾಜಿನ ಭರಣಿಯಲ್ಲಿ ಒಂದು ಉನ್ಸಿಯಾ ರಾಳವನ್ನೂ ಇಪ್ಪತ್ತು ಪೈನ್ ಬೀಜಗಳನ್ನೂ ಇಡುವುದು, ಅಡುಗೆಗೆ ಬೀಜ ತೆಗೆದು ಅರೆಯುವುದು, ತೆಗೆದಷ್ಟು ಹೊಸ ಬೀಜ ತುಂಬುವುದು. ಮನೆಯಲ್ಲಿ 5 ಗ್ರಾಂ ಗಟ್ಟಿ ಇಂಗಿಗೆ 30 ಗ್ರಾಂ ಚಿಲ್ಗೋಜಾ (ಪೈನ್ ಬೀಜ) ಹಾಕಿ, ಮುಚ್ಚಳ ಬಿಗಿದು ಒಂದು ವಾರ ಬಿಡಿ. ಚಿಲ್ಗೋಜಾದ ಬೆಲೆ ಕೇಳಿ ಎದೆ ಝಲ್ ಎಂದರೆ ಸಿಪ್ಪೆ ತೆಗೆದ ಬಾದಾಮಿಯೂ ನಡೆಯುತ್ತದೆ. ಒಗ್ಗರಣೆ ಇಲ್ಲದ ಈ ಅಡುಗೆಯಲ್ಲಿ ಹಸಿ ಇಂಗಿನ ಪುಡಿ ಮೂಗಿಗೆ ರಾಚುತ್ತದೆ. ಬೀಜದ ದಾರಿಯಲ್ಲಿ ಬಂದರೆ ಹದವಾಗಿರುತ್ತದೆ.

ಸೊಪ್ಪುಗಳಲ್ಲಿ ಕೊತ್ತಂಬರಿ, ಪುದೀನ, ಸಬ್ಬಸಿಗೆ ಸುಲಭ. ಅವರ ಅಚ್ಚುಮೆಚ್ಚಿನ ಲವೇಜ್ ನಮ್ಮಲ್ಲಿ ಸಿಗುವುದಿಲ್ಲ. ಸೆಲರಿ ಎಲೆಯ ಜೊತೆ ನಾಲ್ಕು ಕಾಳು ಅಜಮೋದ ಅರೆದರೆ ಬಹಳ ಹತ್ತಿರ ಬರುತ್ತದೆ. ಅವರು ಎಲ್ಲಕ್ಕೂ ಹಾಕುತ್ತಿದ್ದ ಕಹಿ ಸೊಪ್ಪು ನಮ್ಮ ನಾಗದಾಳಿ. ನರ್ಸರಿಯಲ್ಲಿ ಸಿಗುತ್ತದೆ. ಎರಡು ಮೂರು ಎಲೆ ಮೀರಬೇಡಿ, ಗರ್ಭಿಣಿಯರಿಗೆ ಬಡಿಸುವ ಅಡುಗೆಗೆ ಹಾಕಲೇಬೇಡಿ, ಗಿಡ ಮುಟ್ಟಿದ ಕೈಯನ್ನು ಬಿಸಿಲಿಗೆ ಒಡ್ಡುವ ಮುನ್ನ ತೊಳೆಯಿರಿ, ಇಲ್ಲದಿದ್ದರೆ ಚರ್ಮದಲ್ಲಿ ಬೊಬ್ಬೆ ಏಳಬಹುದು. ಮೂಲದಲ್ಲಿ ಪುದೀನ ಜಾತಿಯ ಪೆನ್ನಿರಾಯಲ್ ಎಂದಿದ್ದ ಕಡೆ ಪುದೀನವನ್ನೇ ಹಾಕಿ. ಪೆನ್ನಿರಾಯಲ್ ಎಣ್ಣೆ ಯಕೃತ್ತಿಗೆ ವಿಷ.

ಬೇ ಎಲೆಯ ವಿಷಯದಲ್ಲಿ ಅಂಗಡಿಯವರು ಗೊಂದಲ ಮಾಡುತ್ತಾರೆ. ನಮ್ಮಲ್ಲಿ ಆ ಹೆಸರಲ್ಲಿ ಮಾರುವುದು ಹೆಚ್ಚಾಗಿ ಪಲಾವಿನ ಎಲೆ. ಅದರಲ್ಲಿ ಬುಡದಿಂದ ತುದಿಗೆ ಮೂರು ನರಗಳು ಓಡುತ್ತವೆ. ರೋಮನ್ನರ ಲಾರೆಲ್ ಎಲೆಗೆ ನಡುವೆ ಒಂದೇ ದಪ್ಪ ನರ. ಎರಡರ ವಾಸನೆಯೂ ಬೇರೆ. ಆದರೆ ಪಲಾವಿನ ಎಲೆಯೂ ಮಲಬಾಥ್ರಂ ಎಂಬ ಹೆಸರಲ್ಲಿ ರೋಮ್ ತಲುಪುತ್ತಿತ್ತು. ಅದರ ಸರದಿ ಕೊನೆಯ ಪಾನೀಯದಲ್ಲಿ ಬರುತ್ತದೆ.

ಮೊದಲೇ ಮಾಡಿಟ್ಟುಕೊಳ್ಳಬೇಕಾದ ರಸಗಳು

ಗಾರಂ ಅಥವಾ ಲಿಕ್ವಾಮೆನ್ ಎಂಬ ಮೀನಿನ ಉಪ್ಪುರಸ ಇಲ್ಲದೆ ರೋಮನ್ ಅಡುಗೆ ಇಲ್ಲ. ಸಣ್ಣ ಮೀನನ್ನೂ ಕರುಳನ್ನೂ ಉಪ್ಪಿನ ಜೊತೆ ತೊಟ್ಟಿಯಲ್ಲಿ ಹಾಕಿ ಬಿಸಿಲಿಗೆ ಬಿಟ್ಟರೆ ಮೀನಿನೊಳಗಿನ ಕಿಣ್ವಗಳೇ ಮಾಂಸವನ್ನು ಕರಗಿಸಿ ಕಂದು ಬಣ್ಣದ ತಿಳಿ ರಸ ಮಾಡುತ್ತವೆ. ಉಪ್ಪು ಕೊಳೆಯಲು ಬಿಡುವುದಿಲ್ಲ. ಸ್ಪೇನಿನ ಬೈಲೋ ಕ್ಲಾಡಿಯಾದಲ್ಲಿ ಆ ತೊಟ್ಟಿಗಳು ಇಂದಿಗೂ ಇವೆ. ಪಾಂಪೇಯ ಗಾರಂ ವ್ಯಾಪಾರಿ ಉಂಬ್ರಿಸಿಯಸ್ ಸ್ಕೌರಸ್ ತನ್ನ ಮನೆಯ ನೆಲಕ್ಕೇ ಗಾರಂ ಸೀಸೆಗಳ ಚಿತ್ರ ಕೂಡಿಸಿದ್ದ. ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ಉಪ್ಪು ಕಡಿಮೆಯಾದರೆ ಅಪಾಯ, ಸರಿಯಾದರೂ ನೆರೆಹೊರೆ ಬಿಡುವುದಿಲ್ಲ. ಥಾಯ್ ಅಥವಾ ವಿಯೆಟ್ನಾಂ ಫಿಶ್ ಸಾಸ್ ಕೊಳ್ಳಿ. ಲೇಬಲ್‌ನಲ್ಲಿ ಮೀನು, ಉಪ್ಪು ಮೊದಲಿರಬೇಕು. ಒಂದು ದೊಡ್ಡ ಚಮಚದಲ್ಲಿ ಸುಮಾರು ಮೂರೂವರೆ ಗ್ರಾಂ ಉಪ್ಪಿರುವುದರಿಂದ ಬೇರೆ ಉಪ್ಪು ಹಾಕುವ ಮುನ್ನ ರುಚಿ ನೋಡಿ.

ಸಸ್ಯಾಹಾರಿಗಳಿಗೂ ರೋಮನ್ನರದೇ ದಾರಿಯೊಂದಿದೆ. ಪಲ್ಲಾಡಿಯಸ್ ಎಂಬ ಕೃಷಿ ಲೇಖಕ ಪೇರು, ಅಂದರೆ ಪಿಯರ್ ಹಣ್ಣಿನ ಲಿಕ್ವಾಮೆನ್ ಹೇಳಿದ್ದಾನೆ. ಚೆನ್ನಾಗಿ ಕಳಿತ ಹಣ್ಣನ್ನು ಉಪ್ಪಿನಲ್ಲಿ ತುಳಿದು, ತಿಂಗಳುಗಟ್ಟಲೆ ಇಟ್ಟು, ತೂಗುಹಾಕಿ ರಸ ಇಳಿಸುವುದು. ಮನೆಯಲ್ಲಿ ಒಂದು ಕಿಲೋ ಹಣ್ಣಿಗೆ 200 ಗ್ರಾಂ ಕಲ್ಲುಪ್ಪು ಹಾಕಿ, ಗಾಜಿನ ಭರಣಿಯಲ್ಲಿ ತುಂಬಿ, ಹಣ್ಣು ಮೇಲೆ ತೇಲದಂತೆ ಭಾರ ಇಟ್ಟು, ಮೂರು ತಿಂಗಳ ನಂತರ ತೆಳುಬಟ್ಟೆಯಲ್ಲಿ ಕಟ್ಟಿ ತೊಟ್ಟಿಕ್ಕಲು ಬಿಡಿ. ಹಿಂಡಬೇಡಿ, ಹಿಂಡಿದರೆ ರಸ ಕದಡುತ್ತದೆ. ಅಷ್ಟು ಕಾಯಲಾಗದಿದ್ದರೆ 20 ಗ್ರಾಂ ಒಣ ಅಣಬೆಯನ್ನು 200 ಮಿ.ಲೀ. ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ, ಸೋಸಿ, 100 ಮಿ.ಲೀ.ಗೆ ಬತ್ತಿಸಿ 22 ಗ್ರಾಂ ಉಪ್ಪು ಕರಗಿಸಿ. ಇದು ರೋಮನ್ ಅಲ್ಲ, ಆದರೆ ಕೆಲಸ ನಡೆಯುತ್ತದೆ. ಸೋಯಾ ಸಾಸ್ ಮಾತ್ರ ಬೇಡ, ಅದರ ಹುರಿದ ವಾಸನೆ ಎಲ್ಲವನ್ನೂ ಚೀನೀ ಅಡುಗೆಯಾಗಿಸುತ್ತದೆ.

ಡೆಫ್ರೂಟಂ ಎಂದರೆ ಬತ್ತಿಸಿದ ದ್ರಾಕ್ಷಿರಸ. ರೋಮನ್ನರು ಅರ್ಧಕ್ಕೋ ಮೂರನೇ ಒಂದಕ್ಕೋ ಕುದಿಸುತ್ತಿದ್ದರು, ಅದೂ ಸೀಸದ ಪಾತ್ರೆಯಲ್ಲಿ. ಹಣ್ಣಿನ ಹುಳಿಯಲ್ಲಿ ಸೀಸ ಕರಗಿ ಸೇರುತ್ತಿತ್ತು. ನೀವು ಸ್ಟೀಲಿನ ಅಗಲ ಪಾತ್ರೆ ಬಳಸಿ. ಎರಡು ಕಿಲೋ ಬೆಂಗಳೂರು ಬ್ಲೂ ದ್ರಾಕ್ಷಿಯನ್ನು ಕೈಯಲ್ಲಿ ಕಿವುಚಿ ಸೋಸಿದರೆ ಲೀಟರಿಗಿಂತ ತುಸು ಹೆಚ್ಚು ರಸ ಬರುತ್ತದೆ. ಮಿಕ್ಸಿಗೆ ಹಾಕಿದರೆ ಬೀಜ ಒಡೆದು ಒಗರಾಗುತ್ತದೆ. ಒಂದು ಲೀಟರನ್ನು ಸಣ್ಣ ಉರಿಯಲ್ಲಿ, ನೊರೆ ತೆಗೆಯುತ್ತ, 350 ಮಿ.ಲೀ.ಗೆ ಇಳಿಸಿ. ಕೊನೆಯ ಹತ್ತು ನಿಮಿಷ ಒಲೆ ಬಿಟ್ಟು ಕದಲಬೇಡಿ, ಸಕ್ಕರೆ ಅಂಶ ಗಟ್ಟಿಯಾದ ಮೇಲೆ ತಳ ಹತ್ತುವುದಕ್ಕೆ ನಿಮಿಷವೂ ಬೇಡ. ಫ್ರಿಜ್ಜಿನಲ್ಲಿ ಒಂದು ತಿಂಗಳು ಧಾರಾಳವಾಗಿ ಇರುತ್ತದೆ.

ವಿನೆಗರ್ ದ್ರಾಕ್ಷಾರಸದ್ದಾಗಿರಲಿ, ಸಿಗದಿದ್ದರೆ ಸೇಬಿನದು. ಅಗ್ಗದ ಬಿಳಿ ಸಿಂಥೆಟಿಕ್ ವಿನೆಗರ್‌ನಲ್ಲಿ ನೀರು ಬೆರೆತ ಅಸಿಟಿಕ್ ಆಮ್ಲ ಬಿಟ್ಟರೆ ಬೇರೇನಿಲ್ಲ. ಬೇಯಿಸದ ಅರಪಿನಲ್ಲಿ ಅದು ಗಂಟಲು ಸುಡುತ್ತದೆ. ಹುಣಸೆಹಣ್ಣು ಹಾಕಿದಿರೋ, ಅಲ್ಲಿಗೆ ರೋಮ್ ಮುಗಿಯಿತು.

ಅರೆಯುವ ಕ್ರಮ

ರೋಮನ್ನರ ಮೊರ್ಟೇರಿಯಂ ಅಗಲ ಬಾಯಿಯ ಮಣ್ಣಿನ ಒರಳು. ಒಳಮೈಗೆ ಹರಳು ಕೂರಿಸಿ, ಅಂಚಿಗೆ ಸುರಿಯಲು ಮೂತಿ ಮಾಡಿರುತ್ತಿದ್ದರು. ಅರೆದದ್ದು, ಕದಡಿದ್ದು, ಸುರಿದದ್ದು ಎಲ್ಲ ಅದರಲ್ಲೇ. ನಮ್ಮ ಸಣ್ಣ ಒರಳುಕಲ್ಲು ಇದಕ್ಕೆ ಹೇಳಿ ಮಾಡಿಸಿದಂತಿದೆ.

1. ಒಣ ಕಾಳುಗಳು ಮೊದಲು: ಮೆಣಸು, ನಂತರ ಕೊತ್ತಂಬರಿ ಬೀಜ, ಕೊನೆಗೆ ಜೀರಿಗೆ. ಗಟ್ಟಿಯಾದದ್ದು ಮುಂಚೆ ಬೀಳಬೇಕು. ಹುರಿಯಬೇಡಿ.
2. ಸೊಪ್ಪು. ಒಂದು ಚಿಟಿಕೆ ಉಪ್ಪು ಹಾಕಿ ಅರೆದರೆ ಜಾರುವುದಿಲ್ಲ.
3. ಇಂಗಿನ ಬೀಜ (ಇಂಗಿನ ಭರಣಿಯಲ್ಲಿಟ್ಟದ್ದು), ಖರ್ಜೂರ, ಬೇರೆ ಬೀಜಗಳು. ಇವು ಅರಪಿಗೆ ಮೈ ಕೊಡುತ್ತವೆ.
4. ವಿನೆಗರ್ ಸುರಿದು ಕದಡಿ, ಒರಳ ಗೋಡೆಗೆ ಅಂಟಿದ್ದೆಲ್ಲ ಬಿಡಿಸಿ.
5. ಜೇನು, ನಂತರ ಗಾರಂ, ನಂತರ ಡೆಫ್ರೂಟಂ.
6. ಕೊನೆಗೆ ಆಲಿವ್ ಎಣ್ಣೆ.

ನಾಲ್ಕು ಜನರ ಪಲ್ಯಕ್ಕೆ ವಿನೆಗರ್ 2 ದೊಡ್ಡ ಚಮಚ, ಜೇನು 1, ಗಾರಂ 1 ಎಂದು ಶುರುಮಾಡಿ. ಬಾಯಿಗೆ ಹಾಕಿದಾಗ ಹುಳಿ ಮುಂದೆ, ಉಪ್ಪು ಜೊತೆಗೆ, ಸಿಹಿ ಹಿಂದಿನಿಂದ ಬರಬೇಕು, ಮೆಣಸು ನುಂಗಿದ ಮೇಲೆ ಉಳಿಯಬೇಕು. ಹುಳಿ ಮಿತಿಮೀರಿದರೆ ಜೇನು ಹೆಚ್ಚಿಸುವ ಬದಲು ಡೆಫ್ರೂಟಂ ಹಾಕಿ. ಜೇನು ಬರೀ ಸಿಹಿ ಕೊಡುತ್ತದೆ, ಡೆಫ್ರೂಟಂ ಹುಳಿಸಿಹಿಯಾದ್ದರಿಂದ ಎರಡನ್ನೂ ಬೆಸೆಯುತ್ತದೆ. ಉಪ್ಪಾದರೆ ಖರ್ಜೂರ ಹೆಚ್ಚಿಸಿ. ಸಪ್ಪೆ ಎನಿಸಿದರೆ ಗಾರಂ ಬಾಟಲಿಗೆ ಕೈ ಹಾಕುವ ಮುನ್ನ ಹೊಸದಾಗಿ ಕುಟ್ಟಿದ ಮೆಣಸು ಉದುರಿಸಿ ನೋಡಿ. ಹೆಚ್ಚಿನ ಸಲ ಕೊರತೆ ಅದೇ ಆಗಿರುತ್ತದೆ. ಅಪಿಸಿಯಸ್‌ನಲ್ಲಿ ಎಷ್ಟೋ ಪಾಕಗಳು "ಮೆಣಸು ಉದುರಿಸಿ ಬಡಿಸು" ಎಂದೇ ಮುಗಿಯುತ್ತವೆ. ಅರೆಯುವಾಗ ಹಾಕಿದ ಮೆಣಸು ಖಾರಕ್ಕೆ, ಮೇಲೆ ಉದುರಿಸಿದ್ದು ವಾಸನೆಗೆ.

ಮಿಕ್ಸಿಯಲ್ಲಿ ಒಣ ಕಾಳು ಪುಡಿ ಮಾಡಿಕೊಳ್ಳಬಹುದು. ಆಲಿವ್ ಎಣ್ಣೆಯನ್ನು ಮಾತ್ರ ಅದರಲ್ಲಿ ತಿರುಗಿಸಬೇಡಿ. ಎಕ್ಸ್‌ಟ್ರಾ ವರ್ಜಿನ್ ಎಣ್ಣೆ ಬ್ಲೇಡಿನ ವೇಗಕ್ಕೆ ಸಿಕ್ಕರೆ ಕಹಿಯಾಗುತ್ತದೆ.

ಜವೆಗೋಧಿಯ ಪುಲ್ಸ್

ರೊಟ್ಟಿಗಿಂತ ಮುಂಚೆ ರೋಮನ್ನರು ಪುಲ್ಸ್ ಎಂಬ ಗಂಜಿ ಉಂಡವರು. ಅದರ ಧಾನ್ಯ "ಫಾರ್" ಎಂದರೆ ಎಮ್ಮರ್ ಗೋಧಿ. ಹೊರದೇಶದವರು ಇದಕ್ಕಾಗಿ ವಿಶೇಷ ಅಂಗಡಿ ಹುಡುಕುತ್ತಾರೆ. ನಮಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಕಡೆ ಬೆಳೆಯುವ ಜವೆಗೋಧಿ ಇದೆ. ಸದಕ, ಖಪ್ಲಿ ಎಂದೂ ಕರೆಯುವ ಇದು ಅದೇ ಜಾತಿಯ ಗೋಧಿ.

200 ಗ್ರಾಂ ಜವೆಗೋಧಿ ನುಚ್ಚನ್ನು ರಾತ್ರಿ ನೆನೆಸಿ. ಬೆಳಿಗ್ಗೆ ಬಸಿದು, ದಪ್ಪ ತಳದ ಪಾತ್ರೆಯಲ್ಲಿ ಒಂದು ಲೀಟರ್ ತಣ್ಣೀರು, ಒಂದು ಟೀ ಚಮಚ ಉಪ್ಪಿನೊಂದಿಗೆ ಇಟ್ಟು ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ 35ರಿಂದ 40 ನಿಮಿಷ ಬೇಯಿಸಿ. ಕುದಿಯುವ ನೀರಿಗೆ ಸುರಿದರೆ ಹೊರಮೈ ತಕ್ಷಣ ಬೆಂದು ಗಂಟಾಗುತ್ತದೆ, ಅದಕ್ಕೇ ತಣ್ಣೀರು. ಎರಡು ದೊಡ್ಡ ಚಮಚ ಆಲಿವ್ ಎಣ್ಣೆ, ಬೇಯಿಸಿದ ಎಲೆಕೋಸೋ ಕಾಳೋ ಮೇಲೆ ಹಾಕಿದರೆ ರೈತನ ಊಟ ತಯಾರು.

ಕೇಟೋ ಹೇಳುವ ಸಿಹಿ ಗಂಜಿಗೆ "ಪ್ಯೂನಿಕ್ ಪುಲ್ಸ್" ಎಂದು ಹೆಸರು, ಅಂದರೆ ರೋಮಿನ ಶತ್ರುನಗರ ಕಾರ್ಥೇಜಿನವರದು. ಕಾರ್ಥೇಜನ್ನು ನಾಶ ಮಾಡಲೇಬೇಕೆಂದು ಸೆನೆಟ್‌ನಲ್ಲಿ ಪಟ್ಟು ಹಿಡಿದವನೇ ಅವರ ಗಂಜಿಯನ್ನು ಬರೆದಿಟ್ಟಿದ್ದಾನೆ! ಒಂದು ಲಿಬ್ರಾ ನುಚ್ಚು, ಮೂರು ಲಿಬ್ರಾ ಹಸಿ ಗಿಣ್ಣು, ಅರ್ಧ ಲಿಬ್ರಾ ಜೇನು, ಒಂದು ಮೊಟ್ಟೆ. ಮೂರನೇ ಒಂದಕ್ಕೆ ಇಳಿಸಿದರೆ 110 ಗ್ರಾಂ ನುಚ್ಚು, 330 ಗ್ರಾಂ ಮೃದು ಪನೀರ್, 55 ಗ್ರಾಂ ಜೇನು, ಒಂದು ಮೊಟ್ಟೆಯ ಹಳದಿ. ನೆನೆಸಿದ ನುಚ್ಚನ್ನು 350 ಮಿ.ಲೀ. ನೀರಲ್ಲಿ ಪೂರ್ತಿ ಮೆತ್ತಗಾಗಿ ನೀರು ಇಂಗುವವರೆಗೆ ಬೇಯಿಸಿ, ಹತ್ತು ನಿಮಿಷ ಆರಿಸಿ. ಪನೀರನ್ನು ಎರಡು ಚಮಚ ಹಾಲಿನೊಂದಿಗೆ ನುಣ್ಣಗೆ ನಾದಿ, ಜೇನು, ಹಳದಿ ಸೇರಿಸಿ, ಎಲ್ಲವನ್ನೂ ಅತಿ ಸಣ್ಣ ಉರಿಯಲ್ಲಿ 12 ನಿಮಿಷ ಕಲಕಿ. ಅಂಚಿನಲ್ಲಿ ಗುಳ್ಳೆ ಕಂಡರೆ ಕೂಡಲೇ ಇಳಿಸಿ. ಕುದಿ ಬಂದರೆ ಮೊಟ್ಟೆ ಒಡೆದು ಕಾಳುಕಾಳಾಗುತ್ತದೆ, ಅದನ್ನು ಮತ್ತೆ ಸರಿಮಾಡಲಾಗದು.

ಹುಳಿಸಿಹಿ ಮಸೂರ

ಇಡೀ ಚನ್ನಂಗಿ, ಅಂದರೆ ಸಿಪ್ಪೆ ಸಹಿತ ಮಸೂರ 200 ಗ್ರಾಂ, ನೀರು 700 ಮಿ.ಲೀ. ತೆರೆದ ಪಾತ್ರೆಯಲ್ಲಿ ನೊರೆ ತೆಗೆಯುತ್ತ 15 ನಿಮಿಷ ಬೇಯಿಸಿ. ಹೆಚ್ಚಿದ ಲೀಕ್ ಒಂದು ಅಥವಾ ಒಂದು ಹಿಡಿ ಈರುಳ್ಳಿ ಸೊಪ್ಪು, ಅರ್ಧ ಹಿಡಿ ಕೊತ್ತಂಬರಿ ಸೊಪ್ಪು ಹಾಕಿ ಇನ್ನು 10 ನಿಮಿಷ. ಅಷ್ಟರಲ್ಲಿ ಕೊತ್ತಂಬರಿ ಬೀಜ 1 ಟೀ ಚಮಚ, ಪುದೀನ 10 ಎಲೆ, ನಾಗದಾಳಿ 2 ಎಲೆ, ಇಂಗಿನ ಬೀಜ 4 ಅರೆದು, ವಿನೆಗರ್ 2 ದೊಡ್ಡ ಚಮಚ, ಜೇನು 1, ಗಾರಂ 1, ಡೆಫ್ರೂಟಂ 1 ಕದಡಿ.

ಕಾಳು ಬೆರಳಲ್ಲಿ ಹಿಸುಕಿದರೆ ಮೆತ್ತಗಾದ ಮೇಲಷ್ಟೇ ಅರಪು ಸುರಿಯಬೇಕು. ಹುಳಿ ಮೊದಲೇ ಬಿದ್ದರೆ ಸಿಪ್ಪೆಯ ಪೆಕ್ಟಿನ್ ಕರಗುವುದಿಲ್ಲ, ಗಂಟೆ ಬೇಯಿಸಿದರೂ ಕಾಳು ಗಟ್ಟಿಯಾಗೇ ಇರುತ್ತದೆ. ಐದು ನಿಮಿಷ ಕುದಿಸಿ, ತೆಳ್ಳಗಿದ್ದರೆ ಒಂದು ಟೀ ಚಮಚ ಗೋಧಿ ಪಿಷ್ಟವನ್ನು ನೀರಲ್ಲಿ ಕದಡಿ ಸೇರಿಸಿ. ಹಲ್ವಕ್ಕೆ ತೆಗೆಯುವ ಗೋಧಿ ಹಾಲೇ ಅವರ ಅಮುಲಂ. ಇಳಿಸಿದ ಮೇಲೆ ಹಸಿ ಆಲಿವ್ ಎಣ್ಣೆ, ಮೆಣಸು. ಕುಕ್ಕರ್ ಬಳಸಬೇಡಿ, ಕಾಳು ಒಡೆದು ದಾಲ್ ಆಗಿಬಿಡುತ್ತದೆ.

ಅಲೆಕ್ಸಾಂಡ್ರಿಯಾದ ಸೋರೆಕಾಯಿ

ರೋಮನ್ನರ ಕುಕುರ್ಬಿಟಾ ನಮ್ಮ ಸೋರೆಕಾಯಿಯೇ. ಸಿಹಿಗುಂಬಳ ಅಮೆರಿಕದಿಂದ ಬಂದದ್ದು, ಅದನ್ನು ಹಾಕಬೇಡಿ. ರುಚಿಯ ಮಟ್ಟಿಗೆ ಈ ಇಡೀ ಮಾರ್ಗದರ್ಶಿಯಲ್ಲಿ ಮೊದಲು ಮಾಡಬೇಕಾದದ್ದು ಇದು.

ಎಳೆಯ ಸೋರೆಕಾಯಿ 500 ಗ್ರಾಂ, ಎರಡು ಸೆಂ.ಮೀ. ಹೋಳು. ಒಂದು ಚೂರು ಹಸಿಯಾಗಿ ಬಾಯಿಗೆ ಹಾಕಿ ನೋಡಿ. ಕಹಿ ಇದ್ದರೆ ಇಡೀ ಕಾಯಿ ಎಸೆಯಿರಿ, ಬೇಯಿಸಿದರೂ ಆ ವಿಷ ಹೋಗುವುದಿಲ್ಲ. ಕುದಿಯುವ ನೀರಲ್ಲಿ 6 ನಿಮಿಷ ಬೇಯಿಸಿ, ಬಸಿದು, ಬಟ್ಟೆಯಲ್ಲಿ ಕಟ್ಟಿ ಮೆಲ್ಲಗೆ ಹಿಂಡಿ. ಹಿಂಡು ಎಂದು ಮೂಲವೇ ಹೇಳುತ್ತದೆ, ಹೆಚ್ಚಿನವರು ಬಿಟ್ಟುಬಿಡುವ ಹಂತವೂ ಇದೇ. ಒಳಗೆ ನೀರು ಉಳಿದರೆ ಅರಪು ಹೀರುವುದಿಲ್ಲ, ತಟ್ಟೆಯಲ್ಲಿ ನೀರು ಬಿಟ್ಟುಕೊಂಡು ನಿಲ್ಲುತ್ತದೆ. ಚಿಟಿಕೆ ಉಪ್ಪು ಉದುರಿಸಿ ಅಗಲ ಬಾಣಲೆಯಲ್ಲಿ ಒಂದೇ ಪದರವಾಗಿ ಹರಡಿ.

ಅರಪಿಗೆ: ಮೆಣಸು ಅರ್ಧ ಟೀ ಚಮಚ, ಜೀರಿಗೆ ಅರ್ಧ, ಕೊತ್ತಂಬರಿ ಬೀಜ 1, ಪುದೀನ 12 ಎಲೆ, ಇಂಗಿನ ಬೀಜ 4, ಬೀಜ ತೆಗೆದ ಖರ್ಜೂರ 4, ಚಿಲ್ಗೋಜಾ ಅಥವಾ ಬಾದಾಮಿ 1 ದೊಡ್ಡ ಚಮಚ. ವಿನೆಗರ್ 2 ದೊಡ್ಡ ಚಮಚ, ಜೇನು 2 ಟೀ ಚಮಚ, ಗಾರಂ 2 ಟೀ ಚಮಚ, ಡೆಫ್ರೂಟಂ 1 ದೊಡ್ಡ ಚಮಚ, ಎಣ್ಣೆ 2. ಖರ್ಜೂರ ಗಟ್ಟಿಯಿದ್ದರೆ ವಿನೆಗರ್‌ನಲ್ಲೇ ಹತ್ತು ನಿಮಿಷ ನೆನೆಸಿ. ಹೋಳುಗಳ ಮೇಲೆ ಸುರಿದು, ಸೌಟು ಹಾಕದೆ ಬಾಣಲೆಯನ್ನೇ ಅಲುಗಿಸುತ್ತ 5 ನಿಮಿಷ ಕುದಿಸಿ, ಮೆಣಸು ಉದುರಿಸಿ ಬಡಿಸಿ. ಆರಿದ ಮೇಲೆ ಇನ್ನೂ ರುಚಿ.

ಮೊರೆಟಂ ಮತ್ತು ಲಿಬಂ

ಮೊರೆಟಂ ಎಂದರೆ ಗಿಣ್ಣು ಬೆಳ್ಳುಳ್ಳಿಯ ಚಟ್ನಿ. ವರ್ಜಿಲನ ಹೆಸರಿಗೆ ಅಂಟಿಕೊಂಡು ಬಂದ ಹಳೆಯ ಪದ್ಯವೊಂದರಲ್ಲಿ ಬಡ ರೈತ ಬೆಳಗಿನ ಜಾವ ಎದ್ದು ಇದನ್ನು ಅರೆಯುವ ವಿವರ ಪೂರ್ತಿಯಿದೆ. ಅವನು ಹಾಕುವುದು ನಾಲ್ಕು ಬೆಳ್ಳುಳ್ಳಿ. ನಾಲ್ಕು ಗಡ್ಡೆಯೆಂದು ನಂಬಿ ಇಂದಿನ ದಪ್ಪ ಗಡ್ಡೆ ಹಾಕಿದರೆ ಕಣ್ಣಲ್ಲಿ ನೀರು ಗ್ಯಾರಂಟಿ. 150 ಗ್ರಾಂ ಗಟ್ಟಿ ಉಪ್ಪು ಗಿಣ್ಣಿಗೆ ಆರು ಎಸಳು ಸಾಕು. ಮೊದಲು ಬೆಳ್ಳುಳ್ಳಿಯನ್ನು ಉಪ್ಪಿನ ಹರಳಿನೊಂದಿಗೆ ಬೆಣ್ಣೆಯಂತೆ ಅರೆಯಿರಿ. ಆಮೇಲೆ ಸೆಲರಿ ಎಲೆ, ಕೊತ್ತಂಬರಿ ಸೊಪ್ಪು ಒಂದೊಂದು ಹಿಡಿ, ನಾಗದಾಳಿ 3 ಎಲೆ, ನಂತರ ಗಿಣ್ಣು, ಕೊನೆಗೆ ಒಂದು ದೊಡ್ಡ ಚಮಚ ಎಣ್ಣೆ, ಒಂದು ಟೀ ಚಮಚ ವಿನೆಗರ್. ಪಾರ್ಮೆಸಾನ್, ಪೆಕೊರಿನೊ ಒಳ್ಳೆಯದು. ಪನೀರ್ ಆದರೆ ಉಪ್ಪು ಮುಂದಿರಲಿ. ಚಪಾತಿಗೂ ಜೋಳದ ರೊಟ್ಟಿಗೂ ಹೊಂದುತ್ತದೆ.

ಲಿಬಂ ದೇವರಿಗೆ ಅರ್ಪಿಸುತ್ತಿದ್ದ ಗಿಣ್ಣಿನ ರೊಟ್ಟಿ. ಕೇಟೋನ ಅಳತೆ ಎರಡು ಭಾಗ ಗಿಣ್ಣು, ಒಂದು ಭಾಗ ಹಿಟ್ಟು. ಮೃದು ಬೇಕಾದರೆ ಹಿಟ್ಟು ಅರ್ಧಕ್ಕೆ. ಪನೀರ್ 200 ಗ್ರಾಂ, ಅಂದರೆ ಸುಮಾರು 1.25 ಲೀಟರ್ ಗಟ್ಟಿ ಹಾಲಿನದು. ಗೋಧಿ ಹಿಟ್ಟು 100 ಗ್ರಾಂ, ಕಡೆದ ಮೊಟ್ಟೆ ಅರ್ಧ. ಪನೀರನ್ನು ಅಂಗೈಯ ಬುಡದಲ್ಲಿ ಐದು ನಿಮಿಷ ನಾದಿ, ಕಾಳು ಕಾಣಬಾರದು. ಹಿಟ್ಟು ಸೇರಿಸಿದ ಮೇಲೆ ಮಾತ್ರ ಹೆಚ್ಚು ನಾದಬೇಡಿ, ನಾದಿದಷ್ಟೂ ರಬ್ಬರ್. ಎರಡು ಉಂಡೆ ಮಾಡಿ ಲಾರೆಲ್ ಎಲೆಗಳ ಮೇಲಿಟ್ಟು, ಮಣ್ಣಿನ ಪಾತ್ರೆ ಮುಚ್ಚಿ, 180 ಡಿಗ್ರಿಯಲ್ಲಿ 35 ನಿಮಿಷ ಬೇಯಿಸಿ. ಓವನ್ ಇಲ್ಲದವರು ದಪ್ಪ ತವಾ ಮೇಲೆ ಸಣ್ಣ ಉರಿಯಲ್ಲಿ ಮುಚ್ಚಿ, ನಡುವೆ ಒಮ್ಮೆ ಮಗುಚಿದರೆ ಆಯಿತು. ಇದರ ಮೇಲೆ ಜೇನು ಸುರಿಯುವುದು ಈಗಿನವರ ರೂಢಿ, ಕೇಟೋನ ಲಿಬಂನಲ್ಲಿ ಜೇನಿಲ್ಲ.

ಸಿಹಿ ಬೇಕಾದರೆ ಅಪಿಸಿಯಸ್‌ನ ಖರ್ಜೂರವಿದೆ. ಹನ್ನೆರಡು ಖರ್ಜೂರದ ಬೀಜ ತೆಗೆದು ಅಕ್ರೋಟನ್ನೋ ಕುಟ್ಟಿದ ಮೆಣಸನ್ನೋ ತುಂಬಿ, ಉಪ್ಪಿನಲ್ಲಿ ಲಘುವಾಗಿ ಹೊರಳಿಸಿ, ನಾಲ್ಕು ದೊಡ್ಡ ಚಮಚ ಬಿಸಿ ಜೇನಿನಲ್ಲಿ ಎರಡು ನಿಮಿಷ ಹುರಿಯಿರಿ. ಜೇನು ನೊರೆಯೆದ್ದು ಕೆಂಪಾಗುವ ಮುನ್ನ ಇಳಿಸಬೇಕು, ಆಮೇಲೆ ಕಹಿ.

ಕುಡಿಯಲು

ಸೈನಿಕರ ಪೋಸ್ಕಾಗೆ ಪಾಕವೇ ಬೇಡ: ಒಂದು ಲೀಟರ್ ನೀರು, ಎರಡು ದೊಡ್ಡ ಚಮಚ ದ್ರಾಕ್ಷಾರಸದ ವಿನೆಗರ್.

ಇನ್ನೊಂದು ತುದಿಯಲ್ಲಿರುವುದು ಮೆಣಸಿನ ಮದ್ಯ, ಕೊಂಡಿಟಂ ಪರಡಾಕ್ಸಂ. ಅಪಿಸಿಯಸ್‌ನಲ್ಲಿ ಅಳತೆ ಸಹಿತ ಸಿಗುವ ಕೆಲವೇ ಪಾಕಗಳಲ್ಲಿ ಇದೂ ಒಂದು: 20 ಸೆಕ್ಸ್ಟೇರಿಯಸ್ ದ್ರಾಕ್ಷಾರಸಕ್ಕೆ 15 ಲಿಬ್ರಾ ಜೇನು, 4 ಉನ್ಸಿಯಾ ಮೆಣಸು. ಒಂದು ಬಾಟಲಿ, ಅಂದರೆ 750 ಮಿ.ಲೀ. ಸಿಹಿಯಿಲ್ಲದ ಬಿಳಿ ವೈನ್‌ಗೆ ಇಳಿಸಿದರೆ ಜೇನು 340 ಗ್ರಾಂ, ಮೆಣಸು ಏಳೂವರೆ ಗ್ರಾಂ. ಜೇನನ್ನು 75 ಮಿ.ಲೀ. ವೈನ್‌ನೊಂದಿಗೆ ಆಳದ ಪಾತ್ರೆಯಲ್ಲಿ ಕುದಿಸಿ. ನೊರೆ ಉಕ್ಕಿದಾಗ ಒಂದು ಚಮಚ ತಣ್ಣನೆಯ ವೈನ್ ಚಿಮುಕಿಸಿ, ಇಳಿಸಿ, ನೊರೆ ತೆಗೆಯಿರಿ. ಹೀಗೆ ಮೂರು ಬಾರಿ. ಬಿಸಿಯಿರುವಾಗಲೇ ತರಿತರಿಯಾಗಿ ಕುಟ್ಟಿದ ಮೆಣಸು, ಚಿಟಿಕೆ ಕೇಸರಿ, ಅರ್ಧ ಪಲಾವಿನ ಎಲೆ, ಒಂದು ಹುರಿದ ಖರ್ಜೂರದ ಬೀಜ, ವೈನ್‌ನಲ್ಲಿ ನೆನೆಸಿದ ಒಂದು ಖರ್ಜೂರ ಹಾಕಿ. ಮ್ಯಾಸ್ಟಿಕ್ ರಾಳ ಸಿಕ್ಕರೆ ಸಾಸಿವೆ ಗಾತ್ರದ್ದು ಒಂದು, ಹೆಚ್ಚಾದರೆ ವಾರ್ನಿಷ್ ವಾಸನೆ. ಪೂರ್ತಿ ತಣ್ಣಗಾದ ಮೇಲೆ ಉಳಿದ ವೈನ್ ಬೆರೆಸಿ, ಒಂದು ದಿನ ಬಿಟ್ಟು ಸೋಸಿ. ಮೆಣಸನ್ನು ನುಣ್ಣಗೆ ಪುಡಿ ಮಾಡಿದರೆ ಎಷ್ಟು ಸೋಸಿದರೂ ಕದಡಾಗೇ ಇರುತ್ತದೆ. ರೋಮನ್ನರು ದ್ರಾಕ್ಷಾರಸವನ್ನು ನೀರು ಬೆರೆಸದೆ ಕುಡಿಯುತ್ತಿದ್ದದ್ದು ಕಡಿಮೆ. ಈ ಸಿಹಿಗೂ ಖಾರಕ್ಕೂ ಸಮಪಾಲು ನೀರು ಬೇಕೇ ಬೇಕು. ಸೋಸಿದ್ದನ್ನು ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟರೆ ಒಂದು ತಿಂಗಳು ಕೆಡದು. ಮೂರನೇ ದಿನದ ಹೊತ್ತಿಗೆ ಮೆಣಸಿನ ಒರಟು ಇಳಿದು ಕುಡಿಯಲು ಹದಕ್ಕೆ ಬರುತ್ತದೆ.